ಕರ್ಣ ಸೋತರೆ ಕುರ್ಚಿ ಮುರಿಯುವುದಿಲ್ಲ

2023ರ ನವೆಂಬರ್ 19ರ ಭಾನುವಾರ ರಾತ್ರಿ ಶಿರಸಿಯ ನಮ್ಮ ಕೇರಿಯಲ್ಲಿ ಯಾರೂ ತೀರಿಕೊಂಡಿರಲಿಲ್ಲ. ಆದರೂ ಒಂದೆರಡು ಮನೆಗಳಲ್ಲಿ ಅನ್ನ ತಣ್ಣಗಾಗಿ ಉಳಿಯಿತು. ವಾರದ ಹಿಂದಿನ ದೀಪಾವಳಿಯಲ್ಲಿ ಹಚ್ಚದೆ ವಿಶ್ವಕಪ್ಪಿಗೆಂದೇ ತೆಗೆದಿರಿಸಿದ್ದ ಪಟಾಕಿಯ ಸರ ಅಟ್ಟ ಸೇರಿತು. ಸತತ ಹತ್ತು ಪಂದ್ಯ ಗೆದ್ದು ಬಂದಿದ್ದ ಭಾರತ ಅಹಮದಾಬಾದಿನ ಫೈನಲಿನಲ್ಲಿ 240 ರನ್ನಿಗೆ ಮುಗಿದಿತ್ತು, ಆಸ್ಟ್ರೇಲಿಯಾದ ಟ್ರಾವಿಸ್ ಹೆಡ್ ಒಬ್ಬನೇ 137 ಹೊಡೆದಿದ್ದ. ಪಕ್ಕದ ಮನೆಯ ಭಾವ ರಿಮೋಟನ್ನು ಗೋಡೆಗೆ ಎಸೆದು, ಅದು ಒಡೆಯಲಿಲ್ಲವೆಂಬ ಸಿಟ್ಟಿಗೆ ಇನ್ನೊಮ್ಮೆ ಎಸೆದ. ಪರದೆಯ ಮೇಲೆ ನಾಯಕನ ತುಂಬಿದ ಕಣ್ಣು ಕಂಡ ಅವನ ಆಯಿ, "ಪಾಪ, ಆ ಮಾಣಿಗೆ ಊಟ ಆತಾ?" ಎಂದು ಕೇಳಿದ್ದಕ್ಕೆ ಭಾವ, "ಅವ್ನ ಸಂಬಳ ಎಷ್ಟು ಗೊತ್ತಿದ್ದಾ ನಿಂಗೆ?" ಎಂದು ಹಾರಿಬಿದ್ದ. ಇಡೀ ಕೇರಿಯಲ್ಲಿ ಆ ರಾತ್ರಿ ಆಡಿದ್ದರಲ್ಲಿ ಅರ್ಥವಿದ್ದ ಮಾತು ಆಯಿಯದೊಂದೇ, ಅದಕ್ಕೂ ಬೈಗುಳ ಬಿತ್ತು.

ಸೋಲನ್ನು ಸಾವಿನಂತೆ ಆಚರಿಸುವುದೇ ಖಚಿತವಾದ ಮೇಲೆ ಅದಕ್ಕೊಂದು ಶಾಸ್ತ್ರವೂ ಇರಬೇಕು ಎಂಬುದು ನನ್ನ ವಿನಯಪೂರ್ವಕ ಸೂಚನೆ. ಫೈನಲ್ ಸೋತರೆ ಹತ್ತು ದಿನದ ಸೂತಕ, ಸೆಮಿಫೈನಲ್ ಆದರೆ ಮೂರು ದಿನ, ಲೀಗ್ ಪಂದ್ಯಕ್ಕೆ ಸ್ನಾನ ಮಾಡಿದರೆ ಸಾಕು. ಈ ಲೆಕ್ಕ ಹಿಂದಿನಿಂದಲೇ ಜಾರಿಯಲ್ಲಿದ್ದಿದ್ದರೆ, 2009ರಲ್ಲಿ 6 ರನ್ನಿನಿಂದ, 2011ರಲ್ಲಿ 58 ರನ್ನಿನಿಂದ, 2016ರಲ್ಲಿ 8 ರನ್ನಿನಿಂದ ಫೈನಲ್ ಸೋತ ಆರ್‌ಸಿಬಿಯ ಅಭಿಮಾನಿಗಳ ಮನೆಯಲ್ಲಿ ಮದುವೆ, ಉಪನಯನಗಳಿಗೆ ಮುಹೂರ್ತ ಸಿಗುವುದೇ ಕಷ್ಟವಾಗುತ್ತಿತ್ತು. 2017ರ ಏಪ್ರಿಲ್ 23ರಂದು ಕೋಲ್ಕತ್ತಾದಲ್ಲಿ ಇಡೀ ತಂಡ 49 ರನ್ನಿಗೆ ಆಲೌಟಾದದ್ದು ಲೀಗ್ ಪಂದ್ಯವೇ ಆದರೂ ಬರಿಯ ಸ್ನಾನದಿಂದ ಕಳೆಯುವಂಥದ್ದೋ ಅಲ್ಲವೋ ಎಂಬುದನ್ನು ಬಲ್ಲ ಪುರೋಹಿತರೇ ಹೇಳಬೇಕು. 2025ರ ಜೂನ್ 3ರಂದು ಕಪ್ಪೇನೋ ಬಂತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಬಿಟ್ಟ ಮೇಲೆ ಆ ಗೆಲುವನ್ನು ತಮಾಷೆಗೆ ಎಳೆಯಲು ಮನಸ್ಸು ಬಾರದು. ನನ್ನ ವಿಷಯ ಸೋಲಷ್ಟೇ.

ಈ ಸೂತಕಕ್ಕೆ ರಕ್ತಸಂಬಂಧದ ಪುರಾವೆಯನ್ನು ಯಾರೂ ಕೇಳುವಂತಿಲ್ಲ. ದಿಲ್ಲಿಯ ಕೊಹ್ಲಿ, ಜಮೈಕಾದ ಗೇಲ್, ದಕ್ಷಿಣ ಆಫ್ರಿಕಾದ ಡಿವಿಲಿಯರ್ಸ್ ಎಲ್ಲರೂ ನಮ್ಮವರೇ. ಆಟಗಾರರು ಹರಾಜಾಗುವ ದಿನ ಯಾರು ಎಷ್ಟು ಕೋಟಿಗೆ ಹೋದರೆಂಬುದನ್ನು ಭಾವ ಬಾಯಿಪಾಠ ಒಪ್ಪಿಸುತ್ತಾನೆ, ಅದೇ ವಾರ ಶಿರಸಿ ಪೇಟೆಯಲ್ಲಿ ವ್ಯಾಪಾರವಾದ ತನ್ನದೇ ಚಾಲಿ ಅಡಿಕೆ ಯಾವ ದೇಶದ ಯಾರ ಬಾಯಿಗೆ ಹೋಯಿತೆಂದು ಕೇಳಿದರೆ, "ಮಾರಿದ ಮೇಲೆ ನಮ್ಗೆ ಎಂತಕ್ಕೆ?" ಎನ್ನುತ್ತಾನೆ. ಅವನ ಸಮಚಿತ್ತ ನೋಡಬೇಕಾದರೆ ಆಷಾಢದಲ್ಲಿ ತೋಟಕ್ಕೆ ಹೋಗಬೇಕು. ಮೈಲುತುತ್ತು, ಸುಣ್ಣ ಕಲಸಿ ಎರಡು ಸಲ ಮದ್ದು ಹೊಡೆಸಿದರೂ ಕೊಳೆರೋಗ ಬಂದು, ಎಳೆಯ ಅಡಿಕೆ ಮರದ ಬುಡದಲ್ಲಿ ಹಾಸಿದಂತೆ ಉದುರಿ ಬಿದ್ದಿರುವಾಗ, ಅವನು ಕವಳ ಉಗಿದು ಬಂದು ಶಾಂತವಾಗಿ, "ಬಪ್ಪ ವರ್ಷ ನೋಡನ" ಎನ್ನುತ್ತಾನೆ. ಮರ ಹತ್ತಿ ಮದ್ದು ಹೊಡೆದ ಕೊನೆಗೌಡನನ್ನೂ ಬೈಯುವುದಿಲ್ಲ, ಮಳೆಯನ್ನೂ ಬೈಯುವುದಿಲ್ಲ. ವರ್ಷದ ಅನ್ನ ಹೋದಾಗ ತೋರದ ಕೋಪವನ್ನು ಆತ ಹೀಗೆ ಕಾಪಿಟ್ಟದ್ದು ಹತ್ತೊಂಬತ್ತನೆಯ ಓವರಿನ ನೋಬಾಲಿಗೆ ಎಂದು ನನಗೆ ತಡವಾಗಿ ಹೊಳೆಯಿತು.

ಹಾಗೆಂದು ಅವನು ಮೊದಲಿಗನೇನಲ್ಲ. 1996ರ ಮಾರ್ಚ್ 13ರಂದು ಈಡನ್ ಗಾರ್ಡನ್ಸ್‌ನಲ್ಲಿ ವಿಶ್ವಕಪ್ ಸೆಮಿಫೈನಲ್ ನಡೆದಾಗ, ಭಾರತ 8 ವಿಕೆಟ್‌ಗೆ 120 ರನ್ ಮಾಡಿ ನಿಂತಿದ್ದಾಗ, ಪ್ರೇಕ್ಷಕರು ಬಾಟಲಿ ಎಸೆದು ಬೆಂಕಿ ಹಚ್ಚಿದ್ದರಿಂದ ಪಂದ್ಯ ನಿಲ್ಲಿಸಿ ಶ್ರೀಲಂಕಾಕ್ಕೆ ಗೆಲುವು ಕೊಡಬೇಕಾಯಿತು. ಇನ್ನೂ ಪೂರ್ತಿ ಸೋಲದ ಪಂದ್ಯವನ್ನು ಅಭಿಮಾನವೇ ಮುಂದೆ ನಿಂತು ಸೋಲಿಸಿಕೊಟ್ಟಿತು. 2007ರಲ್ಲಿ ಬಾಂಗ್ಲಾದೇಶಕ್ಕೆ ಸೋತಾಗ ರಾಂಚಿಯಲ್ಲಿ ಧೋನಿ ಕಟ್ಟಿಸುತ್ತಿದ್ದ ಮನೆಯ ಮೇಲೆ ಜನ ಮುಗಿಬಿದ್ದರು. ಶಿರಸಿಯಿಂದ ಕಲ್ಲು ಎಸೆದರೆ ಯಾವ ಆಟಗಾರನ ಮನೆಗೂ ತಲುಪದಿರುವುದು ಘಟ್ಟದ ಮೇಲಿನವರಾದ ನಮ್ಮ ಪುಣ್ಯ.

ನನ್ನನ್ನು ನಿಜವಾಗಿ ಕಾಡುವುದು ಬೇರೆ ಸಂಗತಿ. ಸೋಲು ನೋಡುವುದಕ್ಕೆಂದೇ ಚಾಪೆ ಹಿಡಿದು ಹೋಗಿ ರಾತ್ರಿಯಿಡೀ ಕುಳಿತ ಜನ ನಾವು. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆಯ ಯಕ್ಷಗಾನ ಮೇಳ ಹುಟ್ಟಿದ್ದು 1934ರಲ್ಲಿ, ಐಪಿಎಲ್ ಹುಟ್ಟಿದ್ದು ಅದಕ್ಕಿಂತ 74 ವರ್ಷ ತಡವಾಗಿ. ಅಷ್ಟು ಕಾಲವೂ ನಮ್ಮ ಬಡಗುತಿಟ್ಟಿನ ಯಕ್ಷಗಾನದ ರಂಗದ ಮೇಲೆ ಕರ್ಣ ಒಂದು ಸಲವೂ ಗೆದ್ದಿಲ್ಲ. ಆದರೂ "ಈ ಸಲ ರಥ ನಮ್ದೇ" ಎಂದು ಯಾರೂ ಬ್ಯಾನರ್ ಕಟ್ಟಲಿಲ್ಲ, ಕರ್ಣ ಬಿದ್ದನೆಂದು ವೇಷ ಕಟ್ಟುವ ಚೌಕಿಗೆ ನುಗ್ಗಿ ಕಿರೀಟ ಪುಡಿ ಮಾಡಲಿಲ್ಲ.

ಕ್ರಿಕೆಟ್ಟಿನ ನ್ಯಾಯವನ್ನು ಅಲ್ಲಿಗೂ ವಿಸ್ತರಿಸಿದರೆ ಏನಾಗುತ್ತದೆಂದು ಒಮ್ಮೆ ಯೋಚಿಸಿ ನೋಡಿದೆ. ಕೃಷ್ಣ ಕಾಲೊತ್ತಿ ರಥವನ್ನು ನೆಲಕ್ಕಿಳಿಸಿದ್ದರಿಂದ ಸರ್ಪಾಸ್ತ್ರ ಕೊರಳು ತಪ್ಪಿ ಕಿರೀಟಕ್ಕೆ ತಾಗಿತಲ್ಲ, ಆ ರಥ ಕುಸಿದದ್ದು ಬಾಣ ಬಿಡುವ ಮೊದಲೋ ಆಮೇಲೋ ಎಂದು ಮೂರನೆಯ ಅಂಪೈರ್ ಹತ್ತು ಕೋನಗಳಿಂದ ನೋಡುವವರೆಗೆ ಭಾಗವತರು ಬಾಯಿ ಮುಚ್ಚಿಕೊಂಡು, ಚಂಡೆಯವರು ಚಹಾ ಕುಡಿದುಕೊಂಡು ಕೂರಬೇಕು. ತೊಟ್ಟ ಬಾಣವನ್ನು ಮತ್ತೆ ತೊಡೆನೆಂದು ಸಿಕ್ಕ ಇನ್ನೊಂದು ಅವಕಾಶವನ್ನು ಕೈಚೆಲ್ಲಿದ ಕರ್ಣನನ್ನು ತಂಡದಿಂದಲೇ ಕೈಬಿಡಬೇಕೆಂದು ಬೆಳಗಾಗುವುದರೊಳಗೆ ಎಲ್ಲರ ಮೊಬೈಲಿಗೂ ಸಂದೇಶ ಹೋಗಬೇಕು. ನಡುಯುದ್ಧದಲ್ಲಿ ರಥದಿಂದಿಳಿದು ನಡೆದ ಶಲ್ಯನನ್ನು ತರಬೇತುದಾರನ ಹುದ್ದೆಯಿಂದ ಕಿತ್ತುಹಾಕಬೇಕು. ಇಚ್ಛಾಮರಣಿಯಾದ ಭೀಷ್ಮನಿಗೆ ನಿವೃತ್ತಿ ಯಾವಾಗ ಎಂಬ ಪ್ರಶ್ನೆಯಂತೂ ತಪ್ಪದು. ಕರ್ಣನ ಪಾತ್ರಧಾರಿ ಬಣ್ಣ ತೊಳೆದು ಬಸ್ ನಿಲ್ದಾಣಕ್ಕೆ ಬಂದರೆ ಅವನ ಹೆಂಡತಿ ಮಕ್ಕಳನ್ನೂ ಸೇರಿಸಿ ಬೈಯಲು ನಾಲ್ಕು ಜನ ಅಲ್ಲಿ ಕಾದಿರಬೇಕು.

ಹೀಗೆಲ್ಲ ಹೇಳಬೇಕೆಂದೇ ಕಳೆದ ಬೇಸಿಗೆಯಲ್ಲಿ ಭಾವನನ್ನು ಕರ್ಣನ ಆಟಕ್ಕೆ ಕರೆದೊಯ್ದೆ. ರಥದ ಚಕ್ರ ಹೂತ ಹೊತ್ತಿನಲ್ಲಿ ಅವನು ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡ. ಬೆಳಗ್ಗೆ ದಾರಿಯುದ್ದಕ್ಕೂ, "ಸೋತ್ರೆ ಹಂಗೆ ಸೋಲಕ್ಕು ನೋಡು ಮಾರಾಯ" ಎಂದು ಹೊಗಳಿದ್ದೇ ಹೊಗಳಿದ್ದು. ನನಗೂ ಗೆದ್ದಷ್ಟು ಸಂತೋಷವಾಯಿತು.

ಅದೇ ಸಂಜೆ ಅವನ ಮನೆಗೆ ಹೋದರೆ ಪಂದ್ಯ ಶುರುವಾಗಿತ್ತು. ನಾನು ಹೊಸ್ತಿಲು ದಾಟುವುದಕ್ಕೂ ವಿಕೆಟ್ ಬೀಳುವುದಕ್ಕೂ ಸರಿಹೋಯಿತು. ಭಾವ ತಲೆ ಎತ್ತದೆ ಜಗುಲಿಯ ಕಡೆಗೆ ಬೆರಳು ತೋರಿಸಿದ. ಹೋಗಿ ಕಂಬಕ್ಕೊರಗಿ ನಿಂತೆ. ಆಯಿ ಒಳಗಿನಿಂದ ಚಹಾ ಕುಡಿಯಲು ಕರೆದರು. ನಿಂತಲ್ಲಿಂದ ಕದಲಲಿಲ್ಲ ನಾನು, ಏಕೆಂದರೆ ಆಮೇಲೆ ಆರು ಓವರ್ ಕಳೆದರೂ ಇನ್ನೊಂದು ವಿಕೆಟ್ ಬಿದ್ದಿರಲಿಲ್ಲ.