ಚಪ್ಪಟೆ ತಂತಿಯ ಚಪಲ

ಬೇಸ್ ಗಿಟಾರ್ ನುಡಿಸುವವನ ಬೇಸರ ವಾದ್ಯದ ಹೆಸರಲ್ಲೇ ಮುಕ್ಕಾಲು ಪಾಲು ಅಡಗಿದೆ. ಹಾಡುವವನಿಗೆ ಚಪ್ಪಾಳೆ, ಗಿಟಾರಿನವನಿಗೆ ಶಿಳ್ಳೆ. ಡ್ರಮ್ಮರ್‌ಗಾದರೆ ಬೆವರು ಒರೆಸಿಕೊಳ್ಳಲು ಯಾರಾದರೊಬ್ಬರು ಟವೆಲ್ಲಾದರೂ ಕೊಡುತ್ತಾರೆ. ನನಗೆ ಸಿಗುವುದು ಒಂದೇ ಪ್ರಶ್ನೆ: "ನಿಮ್ಮ ಗಿಟಾರಿಂದು ಇನ್ನೆರಡು ತಂತಿ ಎಲ್ಲಿ ಹೋದ್ವು?" ಮೊದಮೊದಲು ಬೇಸ್ ಅಂದರೆ ಹಾಡಿನ ತಳದ ಮಂದ್ರ ಸ್ವರ ನುಡಿಸುವ ಗಿಟಾರ್, ಅದಕ್ಕೆ ನಾಲ್ಕೇ ತಂತಿ ಯಾಕೆ ಅಂತ ತಾಳ್ಮೆಯಿಂದ ವಿವರಿಸುತ್ತಿದ್ದೆ. ಈಗ "ಕಿತ್ತುಹೋದ್ವು" ಅಂದುಬಿಡುತ್ತೇನೆ. ಅಯ್ಯೋ ಪಾಪ ಅಂತ ಹೊರಟುಹೋಗುತ್ತಾರೆ.

ಹದಿನೈದು ವರ್ಷ ಹೀಗೇ ಕಳೆಯಿತು. ನಾನು ತಪ್ಪಿದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಸರಿಯಾಗಿ ನುಡಿಸಿದರಂತೂ ಸುತರಾಂ ಗೊತ್ತಾಗುತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ತಂತಿ ಸರಿಯಿಲ್ಲ ಅಂದೆ.

ಅದು ಪೂರ್ತಿ ಸುಳ್ಳೂ ಅಲ್ಲ. ನನ್ನ ಬೇಸ್‌ಗೆ ಇದ್ದದ್ದು ಎಲ್ಲರೂ ಹಾಕಿಕೊಳ್ಳುವ ರೌಂಡ್‌ವೌಂಡ್ ತಂತಿ. ಒಳಗೊಂದು ಉಕ್ಕಿನ ಎಳೆ, ಅದರ ಸುತ್ತ ಗುಂಡನೆಯ ತಂತಿಯನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ. ಮುಟ್ಟಿದರೆ ಸಣ್ಣ ಗರಗಸದ ಹಾಗೆ. ಬೆರಳು ಜಾರಿಸಿದರೆ ಕೀಂಚ್ ಅನ್ನುತ್ತದೆ. ಹೊಸದರಲ್ಲಿ ಗಂಟೆಯ ಹಾಗೆ ಮೊಳಗುತ್ತದೆ, ಸ್ವಲ್ಪ ದಿನ ಕಳೆದರೆ ಸುತ್ತುಗಳ ಸಂದಿಯಲ್ಲಿ ಬೆವರು, ಚರ್ಮದ ಪುಡಿ ಎಲ್ಲ ಸೇರಿ ಗಂಟಲು ಕಟ್ಟುತ್ತದೆ. ಹಾಗೆ ಗಂಟಲು ಕಟ್ಟಿದ ತಂತಿಗೆ ಬೇಸ್‌ನವರ ಕುಲದಲ್ಲೊಂದು ಮನೆಮದ್ದಿದೆ: ಬಿಚ್ಚಿ ನೀರಲ್ಲಿ ಕುದಿಸುವುದು. ಕೊಳೆ ಬಿಟ್ಟುಕೊಂಡು ಕೆಲವು ದಿನ ಮತ್ತೆ ದನಿ ಬರುತ್ತದೆ.

ನಾನೂ ಕುದಿಸಿದೆ. ಪಾತ್ರೆಗೆ ತಟ್ಟೆ ಮುಚ್ಚಿ, ಒಲೆಯ ಮುಂದೆ ಭಕ್ತಿಯಿಂದ ನಿಂತಿದ್ದೆ. ಹೆಂಡತಿ ಬಂದು ತಟ್ಟೆ ಎತ್ತಿ ನೋಡಿದಳು.

"ಏನ್ರೀ ಇದು?"

"ತಂತಿ."

ಅವಳು ಸ್ವಲ್ಪ ಹೊತ್ತು ಬಗ್ಗಿ ನೋಡಿದಳು. "ಇನ್ನೆಷ್ಟು ಹೊತ್ತು ಬೇಯ್ಬೇಕು?"

ಕುಹಕ ಮಾಡಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ್ದಳು. ಆ ಪಾತ್ರೆ ಅಂದಿನಿಂದ ಅಡುಗೆಮನೆಗೆ ಹಿಂತಿರುಗಲಿಲ್ಲ. ನನ್ನ ಮೇಜಿನ ಕೆಳಗೆ, ನನ್ನ ಹೆಸರಿಗೆ ಬರೆದುಕೊಟ್ಟ ಏಕೈಕ ಆಸ್ತಿಯಾಗಿ ಬಿದ್ದಿದೆ.

ಇಂಥ ಅವಮಾನದ ದಿನಗಳಲ್ಲೇ ಫ್ಲಾಟ್‌ವೌಂಡ್ ತಂತಿಯ ಹುಚ್ಚು ಹತ್ತಿದ್ದು. ಇದರಲ್ಲಿ ಹೊರಗಿನ ಸುತ್ತು ಗುಂಡನೆಯದಲ್ಲ, ಚಪ್ಪಟೆ ಪಟ್ಟಿ. ಮುಟ್ಟಿದರೆ ಗಾಜಿನ ಹಾಗೆ ನುಣುಪು. ಕೀಂಚ್ ಇಲ್ಲ, ಮೊಳಗಿಲ್ಲ. ಮಂದ್ರದಲ್ಲಿ ದುಂಡಗೆ 'ಧುಂ' ಅಂದು, ಹೇಳಬೇಕಾದ್ದನ್ನು ಹೇಳಿ ಸುಮ್ಮನಾಗುತ್ತದೆ. ಅಸಲಿಗೆ ಬೇಸ್ ಗಿಟಾರಿನ ಮೂಲದ ದನಿಯೇ ಇದು. ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಎಂಬ ಬೇಸ್ ಗಿಟಾರ್ ಹೊರತಂದಾಗ ಕಾಲ ಫ್ಲಾಟ್‌ವೌಂಡಿನದು. ಆಮೇಲೆ 1966ರಲ್ಲಿ 'ದಿ ಹೂ' ರಾಕ್ ತಂಡದ ಬೇಸ್ ವಾದಕ ಜಾನ್ ಎಂಟ್ವಿಸಲ್‌ಗೆ ಪಿಯಾನೋ ಹಾಗೆ ಝಣಝಣ ಅನ್ನುವ ಬೇಸ್ ಬೇಕಾಯಿತು. ರೋಟೋಸೌಂಡ್ ಎಂಬ ತಂತಿ ಕಂಪನಿಯವರು ಅವನೊಂದಿಗೆ ಕೂತು ರೌಂಡ್‌ವೌಂಡ್ ತಂತಿ ಹದ ಮಾಡಿಕೊಟ್ಟರು. ಜಗತ್ತು ಝಣಝಣದ ಹಿಂದೆ ಹೋಯಿತು. ಜಗತ್ತಿನ ಹಿಂದೆ ನಾನೂ ಹೋದೆ, ಪಾತ್ರೆ ಹಿಡಿದುಕೊಂಡು.

ಆದರೆ ನನ್ನ ಮನಸ್ಸು ಕರಗಿದ್ದು ಜೇಮ್ಸ್ ಜೇಮರ್‌ಸನ್ ಕಥೆಗೆ. ಅಮೆರಿಕದ ಮೋಟೌನ್ ಎಂಬ ರೆಕಾರ್ಡ್ ಕಂಪನಿಯ ಹಿಟ್ ಹಾಡುಗಳ ಹಿಂದೆ ಕೂತು ಬೇಸ್ ನುಡಿಸಿದ ಮಹಾನುಭಾವ. ಕೈಯಲ್ಲಿ 1962ರ ಪ್ರಿಸಿಷನ್, ಅದಕ್ಕೆ ಲಾ ಬೆಲ್ಲಾ ಕಂಪನಿಯ ದಪ್ಪನೆಯ ಫ್ಲಾಟ್‌ವೌಂಡ್ ತಂತಿ. ಬಲಗೈಯಲ್ಲಿ ಮೀಟುತ್ತಿದ್ದದ್ದು ತೋರುಬೆರಳೊಂದರಿಂದಲೇ. ಎಲ್ಲಕ್ಕಿಂತ ಮುಖ್ಯವಾಗಿ, ತಂತಿ ತುಂಡಾಗುವ ತನಕ ಅದನ್ನು ಬದಲಿಸುತ್ತಿರಲಿಲ್ಲ. ಈ ಕೊನೆಯ ಸಂಗತಿಯಲ್ಲಿ ನನಗೆ ಸಂಗೀತಕ್ಕಿಂತ ಹೆಚ್ಚಾಗಿ ಉಳಿತಾಯ ಕಾಣಿಸಿತು.

"ಒಂದ್ಸಲ ತಗೊಂಡ್ರೆ ಜೀವಮಾನಕ್ಕೆ ಸಾಕು," ಅಂದೆ ಹೆಂಡತಿಗೆ.

"ಯಾರ ಜೀವಮಾನಕ್ಕೆ?"

ಐರನ್ ಮೇಡನ್ ರಾಕ್ ತಂಡದ ಬೇಸ್ ವಾದಕ ಸ್ಟೀವ್ ಹ್ಯಾರಿಸ್ ಕೂಡ ಫ್ಲಾಟ್‌ವೌಂಡ್ ಭಕ್ತ, ಆದರೆ ಪ್ರತಿ ಕಾರ್ಯಕ್ರಮಕ್ಕೂ ಹೊಸ ತಂತಿ ಬೇಕು ಅನ್ನುವವನು. ಆ ಭಾಗವನ್ನು ನಾನು ಮನೆಯಲ್ಲಿ ಓದಿ ಹೇಳಲಿಲ್ಲ.

ಬೆಲೆ ಕೇಳಬೇಡಿ. ನಾಲ್ಕು ತಂತಿಗೆ ಕೊಟ್ಟ ದುಡ್ಡು ನಾನು ಕಲಿಯಲು ಕೊಂಡ ಮೊದಲ ಗಿಟಾರಿನ ಬೆಲೆಯನ್ನು ಆರಾಮವಾಗಿ ದಾಟಿತ್ತು, ಅಷ್ಟು ಸಾಕು. ಪಾರ್ಸೆಲ್ ಕೈಗೆ ಬಂದ ಗಳಿಗೆ ಖುಷಿ ತಡೆಯಲಾರದೆ "ತಂತಿ ಬಂತು!" ಅಂತ ಕೂಗಿದೆ. ಒಳಗಿನ ಕೋಣೆಯಲ್ಲಿ ಮಲಗಿದ್ದ ಅಮ್ಮ ಧಡಕ್ಕನೆ ಎದ್ದು ಕೂತರು. "ಅಯ್ಯೋ, ಯಾರು ಹೋದ್ರೋ?"

ಯಾರೂ ಹೋಗಿಲ್ಲಮ್ಮ, ದುಡ್ಡು ಮಾತ್ರ ಹೋಗಿದೆ ಅಂತ ಸಮಾಧಾನ ಮಾಡಿ ಡಬ್ಬ ಬಿಚ್ಚಿದೆ. ತಂತಿಗಳು ಸುರುಳಿ ಸುತ್ತಿಕೊಂಡು ಮಲಗಿದ್ದವು. ಅವುಗಳ ತುದಿಗೆ ಕೆಂಪು ರೇಷ್ಮೆ ದಾರ ಸುತ್ತಿದ್ದರು.

"ಓ, ರೇಷ್ಮೆನೂ ಇದೆಯಾ?" ಅಂದಳು ಹೆಂಡತಿ. ಅಷ್ಟೇ ಅಂದದ್ದು. ಆದರೂ ನಾನು ಆ ವಾರ ಪೂರ್ತಿ ಅವಳ ಕಣ್ಣು ತಪ್ಪಿಸಿ ಓಡಾಡಿದೆ.

ಈಗ ಲೆಕ್ಕದ ವಿಷಯ. ತಂತಿಯ ದಪ್ಪವನ್ನು ಇಂಚಿನ ಸಾವಿರದ ಭಾಗಗಳಲ್ಲಿ ಅಳೆಯುತ್ತಾರೆ. ನನ್ನ ಹಳೆಯ ಸೆಟ್ ತೆಳ್ಳನೆಯ ತಂತಿಯಿಂದ ದಪ್ಪನೆಯದರವರೆಗೆ 45ರಿಂದ 105. ಜೇಮರ್‌ಸನ್ ಹಾದಿ ಅಂತ ಹಟ ಹಿಡಿದು ನಾನು ತರಿಸಿದ್ದು 52ರಿಂದ 110. ಇಂಚಿನ ಸಾವಿರದಲ್ಲಿ ಐದು, ಏಳು ಭಾಗ ಹೆಚ್ಚಾದರೆ ಆಕಾಶ ಕಳಚಿ ಬೀಳುತ್ತದೆಯೇ? ಆಕಾಶ ಬೀಳಲಿಲ್ಲ. ಬಿರಡೆಗಳ ಪಕ್ಕದ ನಟ್ ಎಂಬ ಅಡ್ಡಪಟ್ಟಿಯಲ್ಲಿ ತಂತಿ ಕೂರಲು ಸಣ್ಣ ಸಣ್ಣ ಗೀರುಗಳಿರುತ್ತವಲ್ಲ, ನಾಲ್ಕರಲ್ಲಿ ಎಲ್ಲಕ್ಕಿಂತ ದಪ್ಪನೆಯ ಹೊಸ ಇ ತಂತಿ ಅದರೊಳಗೆ ಇಳಿಯಲೇ ಇಲ್ಲ. ಕಿಕ್ಕಿರಿದ ಬಸ್ಸಿನ ಸೀಟಿನಲ್ಲಿ ಅರ್ಧ ಕೂತವರ ಹಾಗೆ ಅಂಚಿನ ಮೇಲೆ ಕೂತಿತು. ಶ್ರುತಿ ಮಾಡಲು ಬಿರಡೆ ತಿರುಗಿಸಿದರೆ ಒಂದಿಷ್ಟು ಹೊತ್ತು ಏನೂ ಆಗುವುದಿಲ್ಲ, ಆಮೇಲೆ ಟಕ್ ಅಂತ ಒಂದೇ ನೆಗೆತಕ್ಕೆ ಬೇಕಾದ ಸ್ವರ ದಾಟಿ ಮುಂದೆ. ಮರಳು ಕಾಗದ ಸುತ್ತಿಕೊಂಡು ಆ ಗೀರನ್ನು ಉಜ್ಜುತ್ತಾ ಕೂತೆ. ಜಾಸ್ತಿ ಉಜ್ಜಿದರೆ ತಂತಿ ತಳ ಕಚ್ಚಿ ಜರ್ರ್ ಅನ್ನುತ್ತದೆ, ಕಡಿಮೆ ಉಜ್ಜಿದರೆ ಕೂರುವುದಿಲ್ಲ. ಹತ್ತು ಸಲ ಉಜ್ಜುವುದು, ಒಂದು ಸಲ ಊದುವುದು, ಕೂರಿಸಿ ನೋಡುವುದು. ಅರ್ಧ ದಿನ ಹೀಗೇ ಹೋಯಿತು.

ಅದು ಮುಗಿಯಿತು ಅನ್ನುವಾಗ ಕತ್ತಿನ ಸರದಿ. ದಪ್ಪ ತಂತಿಯನ್ನು ಅದೇ ಶ್ರುತಿಗೆ ತರಬೇಕಾದರೆ ಬಿಗಿತ ಹೆಚ್ಚು. ಆ ಬಿಗಿತಕ್ಕೆ ಗಿಟಾರಿನ ಕತ್ತು ಮುಂದಕ್ಕೆ ಬಾಗಿತು. ತಂತಿ ಫ್ರೆಟ್‌ನಿಂದ, ಅಂದರೆ ಕತ್ತಿನ ಮೇಲೆ ಸ್ವರಕ್ಕೊಂದರಂತೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಯಿಂದ, ಎಷ್ಟು ಮೇಲೆದ್ದಿತ್ತೆಂದರೆ ಬಾಣವೊಂದಿದ್ದರೆ ಹೂಡಬಹುದಿತ್ತು. ಇದಕ್ಕೂ ಪರಿಹಾರ ಉಂಟು. ಕತ್ತಿನೊಳಗೆ ಟ್ರಸ್ ರಾಡ್ ಎಂಬ ಲೋಹದ ಕಂಬಿ ಇದೆ, ಅದನ್ನು ಅಲನ್ ಕೀಯಿಂದ ಬಿಗಿ ಮಾಡಿದರೆ ಕತ್ತು ನೆಟ್ಟಗಾಗುತ್ತದೆ. ನಿಯಮ: ಕಾಲು ಸುತ್ತು ತಿರುಗಿಸು, ಬಿಡು, ಮರ ಹೊಂದಿಕೊಳ್ಳಲಿ, ನಾಳೆ ನೋಡು. ನಾನು ಕಾಲು ಸುತ್ತು ತಿರುಗಿಸಿದೆ, ಟೀ ಕುಡಿಯುವಷ್ಟು ಹೊತ್ತೂ ಕಾಯಲಿಲ್ಲ, ಇನ್ನೊಂದು ಕಾಲು ತಿರುಗಿಸಿದೆ. ಮಾರನೆಯ ಬೆಳಿಗ್ಗೆ ಕತ್ತು ಹಿಂದಕ್ಕೆ ವಾಲಿ, ಮೊದಲ ಐದು ಫ್ರೆಟ್‌ಗಳಲ್ಲಿ ಎಲ್ಲಿ ಒತ್ತಿದರೂ ನೊಣದ ಸದ್ದು. ಮತ್ತೆ ಸಡಿಲಿಸಿದೆ. ಮೂರು ದಿನ ನನ್ನ ಬೇಸ್ ಮೇಜಿನ ಮೇಲೆ ಅಂಗಾತ ಮಲಗಿತ್ತು. ಮನೆಗೆ ಬಂದವರು ದನಿ ತಗ್ಗಿಸಿ ಮಾತಾಡುತ್ತಿದ್ದರು.

ಇಷ್ಟೆಲ್ಲ ಮಾಡಿ, ಮುಳುಗಿದ್ದು ದಡದ ಹತ್ತಿರ. ಫ್ಲಾಟ್‌ವೌಂಡ್ ತಂತಿಯ ಹೆಚ್ಚಿನ ಉದ್ದವನ್ನು ಕತ್ತರಿಸುವ ಮೊದಲು ಬಿರಡೆಗೆ ಸಿಕ್ಕಿಸುವ ಜಾಗದಲ್ಲಿ ಲಂಬವಾಗಿ ಬಗ್ಗಿಸಿಕೊಳ್ಳಬೇಕು. ಬಗ್ಗಿಸಿದ ಮೇಲೆ, ಆ ಮಡಿಕೆಯಿಂದ ಆಚೆಗೆ ಕತ್ತರಿಸಬೇಕು. ಮಡಿಕೆ ಇದ್ದರೆ ಒಳಗಿನ ಎಳೆಯೂ ಹೊರಗಿನ ಪಟ್ಟಿಯೂ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ನೆಟ್ಟಗಿರುವಾಗಲೇ ಕತ್ತರಿಸಿದರೆ ಪಟ್ಟಿಯ ಹಿಡಿತ ಸಡಿಲವಾಗುವ ಅಪಾಯ. ಇದು ನನಗೆ ಬಾಯಿಪಾಠ. ಇ ತಂತಿಗೆ ಹಾಗೇ ಮಾಡಿದೆ. ಎ, ಡಿ ತಂತಿಗಳಿಗೂ ಹಾಗೇ ಮಾಡಿದೆ. ಅಷ್ಟರಲ್ಲಿ ನನ್ನೊಳಗೊಬ್ಬ ಪಂಡಿತ ಹುಟ್ಟಿಕೊಂಡು, ಪಕ್ಕದಲ್ಲಿ ನೋಡುತ್ತಾ ನಿಂತಿದ್ದ ಹೆಂಡತಿಗೆ ಪಾಠ ಶುರುಮಾಡಿದ. "ನೋಡು, ಹುಷಾರಾಗಿರಬೇಕು. ಎಷ್ಟೋ ಜನ ಬಗ್ಗಿಸದೇ ಕತ್ತರಿಸಿಬಿಡ್ತಾರೆ, ಆಮೇಲೆ..." ಅನ್ನುತ್ತಾ ಜಿ ತಂತಿಯನ್ನು ಬಗ್ಗಿಸದೇ ಕಚಕ್ಕನೆ ಕತ್ತರಿಸಿದೆ.

"ಆಮೇಲೆ?" ಅಂದಳು.

ಆಮೇಲೆ ಏನಾಗುತ್ತದೆ ಅಂತ ಇಬ್ಬರೂ ನೋಡಿದೆವು. ಹಾಕಿ, ಶ್ರುತಿ ಮಾಡಿ ಮೀಟಿದರೆ ಆ ತಂತಿ ರಟ್ಟಿನ ಪೆಟ್ಟಿಗೆ ತಟ್ಟಿದ ಹಾಗೆ 'ಡಬ್' ಅಂದಿತು. ಬಿಚ್ಚಿ ಹಾಕಿದೆ, ಮತ್ತೆ 'ಡಬ್'. ಹುಟ್ಟುವ ಮೊದಲೇ ತೀರಿಕೊಂಡಿತ್ತು. ಅಮ್ಮ ಕೇಳಿದ ಪ್ರಶ್ನೆಗೆ ಈಗ ಉತ್ತರ ಸಿಕ್ಕಂತಾಯಿತು.

ಬೇರೆ ದಾರಿಯಿಲ್ಲದೆ ಮೇಜಿನ ಕೆಳಗಿನ ಪಾತ್ರೆಗೆ ಕೈ ಹಾಕಿದೆ. ಹಿಂದೊಮ್ಮೆ ಕುದಿದಿದ್ದ ಹಳೆಯ ತಂತಿಗಳು ಅಲ್ಲೇ ಸುರುಳಿಯಾಗಿ ಬಿದ್ದಿದ್ದವು. ಜಿ ತಂತಿಯನ್ನು ಎಳೆದು ತೆಗೆದು, ಹಳೆಯ ಸುರುಳಿಯಲ್ಲೇ ಬಿರಡೆಗೆ ಸುತ್ತಿ ಏರಿಸಿದೆ. ಮೂರು ನುಣುಪಾದ ಹೊಸ ತಂತಿ, ಪಕ್ಕದಲ್ಲಿ ಕುದಿಸಿದ್ದ ಒಂದು ಗರಗಸ.

ಮೂರರ ದನಿಯ ಬಗ್ಗೆ ಮಾತ್ರ ಸುಳ್ಳು ಹೇಳಲಾರೆ. ಬಿಡಿಯಾಗಿ ಇ ಮೀಟಿದೆ. ಮೊಳಗಿಲ್ಲ, ಕಿರುಚಿಲ್ಲ, ಮರದ ಬಾಗಿಲಿಗೆ ಯಾರೋ ಅಂಗೈಯಿಂದ ಮೆತ್ತಗೆ ತಟ್ಟಿದ ಹಾಗೆ ಒಂದು ಧುಂ. ಅಂಪ್ಲಿಫೈಯರ್‌ನಿಂದ ಹೊರಟು ನೆಲದ ಮೂಲಕ ಹಾದು ನನ್ನ ಹಿಮ್ಮಡಿಗೆ ಬಂತು. ಸುಮ್ಮನೆ ಅದೊಂದನ್ನೇ ಅರ್ಧ ಗಂಟೆ ಮೀಟಿದೆ. ದುಡ್ಡು ಮರೆತುಹೋಯಿತು.

ಈ ಸುಖ ಹಂಚಿಕೊಳ್ಳದೇ ಇರುವುದು ಹೇಗೆ? ತಂತಿ ಬದಲಿಸುವ ಮೊದಲು ಮೊಬೈಲಿನಲ್ಲಿ ಒಂದು ರೆಕಾರ್ಡಿಂಗ್ ಮಾಡಿಟ್ಟುಕೊಂಡಿದ್ದೆ. ಅದೇ ತುಣುಕನ್ನು ಹೊಸ ತಂತಿಯಲ್ಲಿ ಮತ್ತೆ ನುಡಿಸಿ, ಎರಡನ್ನೂ ನಮ್ಮ ಗಿಟಾರಿನವನಿಗೆ ಕಳಿಸಿದೆ. 'ವ್ಯತ್ಯಾಸ ಹೇಳು' ಅಂತ ಬರೆದೆ. ಐದು ನಿಮಿಷಕ್ಕೆ ಉತ್ತರ ಬಂತು: 'ಎರಡನೇ ಫೈಲ್ ಖಾಲಿ ಬಂದಿದೆ ಗುರು, ಇನ್ನೊಂದ್ಸಲ ಕಳಿಸು.'

ತಪ್ಪು ಅವನದಲ್ಲ. ಬೇಸಿನ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಮೊಬೈಲಿನ ಕಡಲೆಗಾತ್ರದ ಸ್ಪೀಕರ್‌ಗೆ ಅಷ್ಟು ಕೆಳಗಿನ ಸ್ವರ ಹೊರಡಿಸುವ ಶಕ್ತಿಯೇ ಇಲ್ಲ. ರೌಂಡ್‌ವೌಂಡ್ ಆದರೆ ಮೇಲಿನ ಝಣಝಣವಾದರೂ ಕೇಳುತ್ತದೆ, ಅದರಿಂದ ಕಿವಿ ಉಳಿದದ್ದನ್ನು ಊಹಿಸಿಕೊಳ್ಳುತ್ತದೆ. ಆ ಝಣಝಣವನ್ನು ಕಳೆಯಲೆಂದೇ ಅಲ್ಲವೇ ನಾನು ಇಷ್ಟು ದುಡ್ಡು ಸುರಿದದ್ದು? ಮೊದಲು ನಾನು ಇದ್ದೂ ಇಲ್ಲದವನ ಹಾಗಿದ್ದೆ, ಈಗ ಖರ್ಚು ಮಾಡಿ ಪೂರ್ತಿ ಇಲ್ಲವಾಗಿದ್ದೆ.

ಭಾನುವಾರ ಅಭ್ಯಾಸಕ್ಕೆ ಹೋದೆ. ಯಾರಿಗೂ ಏನೂ ಹೇಳಬಾರದು, ಅವರಾಗಿಯೇ ಗುರುತಿಸಲಿ ಅಂತ ನಿಶ್ಚಯ. ಮೊದಲ ಹಾಡು ಮುಗಿಯಿತು, ಯಾರೂ ಏನೂ ಅನ್ನಲಿಲ್ಲ. ಎರಡನೆಯದು ಮುಗಿದ ಮೇಲೆ ಡ್ರಮ್ಮರ್ ನನ್ನ ಕಡೆ ತಿರುಗಿದ. ಎದೆ ಹಿಗ್ಗಿತು.

"ಆ ಫ್ಯಾನ್ ಸ್ವಲ್ಪ ಈ ಕಡೆ ತಿರುಗಿಸೋ," ಅಂದ.

ತಿರುಗಿಸಿದೆ. ಮೂರನೆಯ ಹಾಡಿನ ನಡುವೆ ಒಂದು ಕಡೆ ನಾನು ಜಿ ತಂತಿಯ ಮೇಲೆ ಐದನೆಯ ಫ್ರೆಟ್‌ನಿಂದ ಹನ್ನೆರಡನೆಯದಕ್ಕೆ ಜಾರುತ್ತೇನೆ. ಹದಿನೈದು ವರ್ಷದಿಂದ ಹಾಗೇ ಜಾರುತ್ತಿದ್ದೇನೆ. ಅವತ್ತು ಜಾರಿದೆ, ಕೀಂಚ್ ಅಂದಿತು. ಗಿಟಾರಿನವನು ಕೈ ಎತ್ತಿ ಹಾಡು ನಿಲ್ಲಿಸಿದ.

"ಗುರು, ನಿಂದೊಂದು ತಂತಿ ಕಿರುಚ್ತಿದೆ. ಬೇರೆ ಎಲ್ಲ ಚೆನ್ನಾಗಿದೆ, ಅದೊಂದೇ ಹಳೇದು ಅನ್ಸುತ್ತೆ. ಬದಲಾಯಿಸ್ಕೋ."

ನಾಲ್ಕೂ ಕಿರುಚುತ್ತಿದ್ದಾಗ ಕೇಳಿಸದಿದ್ದದ್ದು! 'ಬೇರೆ ಎಲ್ಲ ಚೆನ್ನಾಗಿದೆ' ಅನ್ನುವುದನ್ನು ಮನೆಗೆ ಬರುವ ದಾರಿಯಲ್ಲಿ ನಾಲ್ಕೈದು ಸಲ ನನಗೆ ನಾನೇ ಹೇಳಿಕೊಂಡೆ. ಒಂಟಿ ಜಿ ತಂತಿ ಬಿಡಿಯಾಗಿ ಸಿಗುತ್ತದೆಯೇ ಅಂತ ಅವತ್ತು ರಾತ್ರಿಯೇ ಹುಡುಕಿದೆ. ಸಿಗುತ್ತದೆ. ಕೊಂಡಿಲ್ಲ.

ಮುಂದಿನ ಭಾನುವಾರ ಅದೇ ಹಾಡಿನ ಅದೇ ಜಾಗದಲ್ಲಿ ಬೆರಳನ್ನು ಸ್ವಲ್ಪ ಒತ್ತಿ, ನಿಧಾನವಾಗಿ, ಬೇಕಂತಲೇ ಎಳೆದೆ. ಎಲ್ಲರೂ ತಿರುಗಿ ನೋಡಿದರು.