ನಾಲ್ಕೂ ಐದರ ಬಸ್ಸು

ಸಾಗರದಿಂದ ನಮ್ಮೂರ ಕಡೆಗೆ ಸಂಜೆ ನಾಲ್ಕಕ್ಕೆ ಒಂದು ಬಸ್ಸಿದೆ, ನಾಲ್ಕೂ ಐದಕ್ಕೆ ಇನ್ನೊಂದು. ಆಮೇಲೆ ರಾತ್ರಿ ಹಾಲ್ಟಿಂಗ್ ಬಸ್ಸು ಬರುವ ತನಕ ರಸ್ತೆ ಮೇಲೆ ದನ ಮಲಗಬಹುದು, ಮಲಗುತ್ತವೆ ಕೂಡ. ಹೈಸ್ಕೂಲು ಬಿಡುವುದು ನಾಲ್ಕೂವರೆಗೆ. ಇದನ್ನು ಕೂತು ಹೊಂದಿಸಿದ ಪುಣ್ಯಾತ್ಮರ ಪಾದ ಎಲ್ಲಿದೆ ಹೇಳಿ, ಅಡ್ಡ ಬೀಳುತ್ತೇನೆ.

ಹೀಗಿರುವಾಗ ಮೊನ್ನೆ ಶಿವಮೊಗ್ಗದಲ್ಲಿ ವಿಚಾರ ಸಂಕಿರಣ. ಇನ್ನು ಮೇಲೆ ಬಸ್ಸಿನ ವೇಳಾಪಟ್ಟಿಯನ್ನು ಕಂಪ್ಯೂಟರೇ ಹಾಕುತ್ತದಂತೆ, ‘ಆಪ್ಟಿಮೈಸೇಶನ್’ ಅಂತೆ, ಅಂದರೆ ಇರುವ ದಾರಿಗಳಲ್ಲಿ ಒಳ್ಳೆಯದನ್ನು ಲೆಕ್ಕ ಹಾಕಿ ಆರಿಸುವುದು. ನೀವೂ ಪೇಪರಿನಲ್ಲಿ ನೋಡಿರುತ್ತೀರಿ. ಅಡಿಕೆ ಹಾರ ಹಾಕಿಸಿಕೊಂಡವರ ಫೋಟೋ ದೊಡ್ಡದಾಗಿಯೇ ಬಂದಿತ್ತು.

ವಿದ್ಯೆ ಸಣ್ಣದಲ್ಲ, ಒಪ್ಪಿದೆ. ಹದಿನೈದು ಊರು ಸುತ್ತಿ ಹೊರಟಲ್ಲಿಗೇ ಬಂದು ಸೇರಲು ಎಷ್ಟು ದಾರಿ ಗೊತ್ತೇ? 4,358 ಕೋಟಿಗೂ ಮೇಲೆ. ಅಷ್ಟನ್ನೂ ಒಂದೊಂದಾಗಿ ನೋಡುತ್ತ ಕೂರಲಾಗದೆ ವಿದ್ವಾಂಸರು ಒಳದಾರಿ ಹುಡುಕಿದರು. ಇಟಲಿಯ ಮಾರ್ಕೊ ಡೊರಿಗೊ 1992ರಲ್ಲಿ ಇರುವೆ ಸಾಲಿನ ಮೇಲೆ ಪಿಎಚ್‌ಡಿಯನ್ನೇ ಬರೆದ. ಇರುವೆ ನಡೆದ ದಾರಿಯಲ್ಲಿ ವಾಸನೆ ಬಿಡುತ್ತದೆ, ಹತ್ತಿರದ ದಾರಿಯಲ್ಲಿ ಓಡಾಟ ಹೆಚ್ಚಿ ವಾಸನೆ ಗಟ್ಟಿಯಾಗುತ್ತದೆ, ಉಳಿದವು ಅದನ್ನೇ ಹಿಡಿಯುತ್ತವೆ. ಕಂಪ್ಯೂಟರೂ ಹೀಗೇ ದಾರಿ ಹುಡುಕಲಿ ಅಂದ. ನಾವು ಮಲೆನಾಡಿನವರು ಇದೇ ಕುಲದ ಪಂಡಿತರನ್ನು ಮರದಿಂದ ಕೊಡವಿ, ಉಪ್ಪು ಮೆಣಸು ಹಾಕಿ ಚಗಳಿ ಚಟ್ನಿ ಅರೆದು ತಿಂದೆವು. ಬಸ್ಸು ಸರಿಯಾದ ಹೊತ್ತಿಗೆ ಬಾ ಅಂದರೆ ಎಲ್ಲಿಂದ ಬರಬೇಕು?

ಇನ್ನೊಂದು ವಿಧಾನದ ಹೆಸರು ಕೇಳಿ ಮಾತ್ರ ಕೂತಲ್ಲೇ ನೆಟ್ಟಗಾದೆ: ಮಹಾಪ್ರಳಯ. 1993ರಲ್ಲಿ ಐಬಿಎಂನ ಗುಂಟರ್ ಡ್ಯೂಕ್ ಕೊಟ್ಟದ್ದು. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಇದನ್ನೇ ಹಿಡಿದು ಪರೀಕ್ಷೆಯ ವೇಳಾಪಟ್ಟಿ ಹಾಕಿ ತೋರಿಸಿದರು. ಮಳೆ ಬಿಡದೆ ಹೊಯ್ಯುತ್ತಿದೆ, ನೀರು ಏರುತ್ತಿದೆ, ಒಬ್ಬ ಕಾಲು ನೆನೆಯದ ಹಾಗೆ ಗುಡ್ಡದಲ್ಲಿ ಅಲೆಯುತ್ತಿದ್ದಾನೆ. ಎಲ್ಲಿ ಬೇಕಾದರೂ ಹೆಜ್ಜೆ ಇಡಲಿ, ನೀರಿಗಿಂತ ಕೆಳಗೆ ಮಾತ್ರ ಇಡುವಂತಿಲ್ಲ. ಎತ್ತರ ಹೆಚ್ಚಿದಷ್ಟೂ ವೇಳಾಪಟ್ಟಿ ಒಳ್ಳೆಯದು ಅಂತ ಲೆಕ್ಕ, ಕೊನೆಗೆ ಅವನು ಹತ್ತಿ ನಿಂತ ಜಾಗವೇ ಉತ್ತರ. ಅಯ್ಯೋ ಮಾರಾಯರೇ, ನಮ್ಮ ಶರಾವತಿ ಕಣಿವೆಯವರು ಇದನ್ನು ಕಂಪ್ಯೂಟರಿಲ್ಲದೆ ಮಾಡಿ ಮುಗಿಸಿದ್ದಾರೆ! 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿಯಿತು, ನೀರಿಗೆ ಸಮುದ್ರಮಟ್ಟದಿಂದ 1,819 ಅಡಿಯ ತನಕ ಏರಲು ಅಪ್ಪಣೆ. ಗದ್ದೆ, ತೋಟ, ದೇವಸ್ಥಾನ ಬಿಟ್ಟು ಜನ ಹತ್ತಿದರು, ನಿಂತಲ್ಲಿ ಸೂರು ಹಾಕಿಕೊಂಡರು. ನಾಡಿಗೆಲ್ಲ ಕರೆಂಟು ಬಂತು. ಹತ್ತಿದವರಲ್ಲಿ ಎಷ್ಟೋ ಮನೆಗಳ ಮೊಮ್ಮಕ್ಕಳು ಈಗಲೂ ಹಕ್ಕುಪತ್ರದ ಅರ್ಜಿ ಹಿಡಿದು ಓಡಾಡುತ್ತಿದ್ದಾರೆ. ಡ್ಯೂಕ್ ಸಾಹೇಬರ ಲೆಕ್ಕದಲ್ಲಿ ಹಕ್ಕುಪತ್ರದ ಕಾಲಂ ಇಲ್ಲ. ನಮ್ಮವರ ಲೆಕ್ಕದಲ್ಲೂ ಇರಲಿಲ್ಲ.

ಬಸ್ಸಿಗೆ ಬರೋಣ. ಈ ಶಾಸ್ತ್ರದಲ್ಲಿ ಷರತ್ತುಗಳಿಗೆ ಎರಡು ಜಾತಿ. ಒಬ್ಬ ಡ್ರೈವರ್ ಒಂದೇ ಹೊತ್ತಿಗೆ ಎರಡು ಬಸ್ಸು ಓಡಿಸುವಂತಿಲ್ಲ, ಇದು ಮುರಿಯಲೇಬಾರದ್ದು. ಇನ್ನೊಂದು ಮುರಿದರೂ ನಡೆಯುವಂಥದ್ದು. ಮುರಿದದ್ದಕ್ಕೆ ಇಷ್ಟು ದಂಡ ಎಂದು ಕಂಪ್ಯೂಟರು ತನ್ನೊಳಗೇ ಬರೆದುಕೊಂಡು ಮುಂದೆ ಹೋಗುತ್ತದೆ. ಆ ದಂಡವನ್ನು ಯಾರೂ ಯಾರಿಗೂ ಕಟ್ಟುವುದಿಲ್ಲ. ಹೈಸ್ಕೂಲು ಮಕ್ಕಳು ಈ ಎರಡನೆಯ ಜಾತಿ. ದಂಡ ಎಷ್ಟೆಂದು ಗೊತ್ತುಮಾಡುವವರು ಕಿಲೋಮೀಟರಿಗೆ ಕಲೆಕ್ಷನ್ ಎಷ್ಟು ಎಂದು ನೋಡುವವರೇ. ಪಾಸಿನ ಮಕ್ಕಳಿಂದ ಕಲೆಕ್ಷನ್ ಏನು ಬರುತ್ತದೆ, ಮಣ್ಣು.

ಆಷಾಢದ ಮಳೆಯಲ್ಲಿ ಆ ಹೆಣ್ಣುಮಕ್ಕಳು ಬ್ಯಾಗಿಗೆ ಪ್ಲಾಸ್ಟಿಕ್ ಸುತ್ತಿ ಕಾಡುದಾರಿಯಲ್ಲಿ ನಾಲ್ಕು ಮೈಲಿ ನಡೆಯುತ್ತಾರೆ. ನಗುವ ವಿಷಯವಲ್ಲ ಇದು. ನಾಲ್ಕೂ ಐದನ್ನು ನಾಲ್ಕೂ ಮುಕ್ಕಾಲು ಮಾಡಲು ಇರುವೆಯೂ ಬೇಡ, ಪ್ರಳಯವೂ ಬೇಡ, ಒಂದು ಪೆನ್ನು ಸಾಕು. ಮೂರು ಸಲ ಅರ್ಜಿ ಕೊಟ್ಟು ಬಂದಿದ್ದೇವೆ. ಬರೆದು ಬರೆದು ಸಾಕಾಗಿದೆ.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಟೈಮ್ ಕೀಪರನ್ನು ಹಿಡಿದೆ. ‘ನಾಲ್ಕೂ ಐದರ ಬಸ್ಸು ಖಾಲಿ ಓಡ್ತದಲ್ಲ ಮಾರಾಯ್ರೆ, ಏನಾದ್ರೂ ಮಾಡಿ.’

‘ಹೌದ್ರೀ, ಕಲೆಕ್ಷನ್ನೇ ಇಲ್ಲ,’ ಅಂದರು. ‘ಬರೋ ತಿಂಗಳಿಂದ ಕಟ್ ಮಾಡ್ತಾರಂತೆ.’