ಇವು ಗಾಜಿನ ಕಪಾಟಿನ ಪುಸ್ತಕಗಳಲ್ಲ

ಕೈಯಲ್ಲಿ ಅಚ್ಚು ಹಾಕಿದ ಚಿತ್ರಪುಸ್ತಕಗಳು ಸಂಗ್ರಹ ಮಾಡುವವರಿಗೆ ಸರಿ, ಮಕ್ಕಳ ಕೈಗೆ ಕೊಡುವಂಥವಲ್ಲ ಎಂದು ಬರೆದಿದ್ದೀರಿ. ಈ ಮಾತು ನಾನು ಒಪ್ಪುವುದಿಲ್ಲ. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಚೆನ್ನೈನ ಪ್ರಕಾಶನ ಸಂಸ್ಥೆ ತಾರಾ ಬುಕ್ಸ್ 2006ರಲ್ಲಿ ತಂದ ಮರಗಳ ಪುಸ್ತಕವಿದೆ. ಭಜ್ಜು ಶ್ಯಾಮ್, ದುರ್ಗಾ ಬಾಯಿ, ರಾಮ್ ಸಿಂಗ್ ಉರ್ವೇತಿ ಅವರು ಬರೆದ, ಮಧ್ಯಪ್ರದೇಶದ ಗೊಂಡ ಬುಡಕಟ್ಟಿನ ಶೈಲಿಯ ಚಿತ್ರಗಳು. ನನ್ನ ಆರು ವರ್ಷದ ಮಗಳು ಅದನ್ನು ಮೊದಲು ನೋಡಿದ್ದೇ ಬೆರಳಿನಿಂದ. ಕಪ್ಪು ಕಾಗದದ ಮೇಲೆ ಶಾಯಿ ಸ್ವಲ್ಪ ಉಬ್ಬಿರುತ್ತದೆ, ಸವರಿದರೆ ಕೊಂಬೆಗಳು ಕೈಗೆ ಸಿಗುತ್ತವೆ. ಒಂದೊಂದು ಬಣ್ಣಕ್ಕೂ ಬೇರೆ ಸ್ಕ್ರೀನ್ (ಶಾಯಿಯನ್ನು ಕಾಗದಕ್ಕೆ ಇಳಿಸುವ ಜಾಲರಿ ಚೌಕಟ್ಟು), ಒಂದು ಒಣಗಿದ ಮೇಲೆ ಇನ್ನೊಂದು. ಬೆಲೆ ಜಾಸ್ತಿ, ನಿಜ. ಆದರೆ ಸುಮ್ನೆ ಏರಿಸಿದ್ದಲ್ಲ.

ಇನ್ನೊಂದು ಮಾತು. ಇಂಥ ಚಿತ್ರಕಲೆ ನಮಗೆ ದೂರದ್ದಲ್ಲ, ಲೋಕಲ್ ರೈಲು ಹತ್ತಿದರೆ ವಾರ್ಲಿ ಬುಡಕಟ್ಟಿನವರ ಚಿತ್ರಗಳಿರುವ ಪಾಲ್ಘರ್ ಬರುತ್ತದೆ. ಅಲ್ಲಿ ಮದುವೆಗೆ ಹೆಂಗಸರು ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನಲ್ಲಿ ಬರೆಯುತ್ತಾರೆ. ನಮ್ಮ ಊರು ಸಾಗರದ ಕಡೆ ದೀವರ ಸಮುದಾಯದ ಮನೆಗಳಲ್ಲೂ ಹಾಗೇ ಅಲ್ವಾ? ಕೆಮ್ಮಣ್ಣಿನ ಗೋಡೆ, ಅಕ್ಕಿಯ ಬಿಳಿ, ಪುಂಡಿ ನಾರಿನ ಕುಂಚ, ಮದುವೆಗೆ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ. ನನ್ನ ಮಗಳು ಊರಿನ ಹಸೆ ಗೋಡೆ ನೋಡಿದ ಕೂಡಲೇ "ಅಮ್ಮಾ, ಪುಸ್ತಕದ ಹಾಗೇ ಇದೆ" ಎಂದಳು. ಪುಸ್ತಕ ಕಪಾಟಿನಲ್ಲೇ ಇದ್ದಿದ್ದರೆ ಅವಳಿಗೆ ಅದು ಕಾಣುತ್ತಿತ್ತಾ? ಈಗ ಪುಟದ ಮೂಲೆಗಳು ಮಡಚಿವೆ, ಒಂದು ಕಡೆ ಹಾಲಿನ ಕಲೆಯೂ ಇದೆ. ನನಗೆ ಸ್ವಲ್ಪವೂ ಬೇಸರವಿಲ್ಲ.